ಎಮ್ಯುಲೇಟರ್ ಹಳೇ ವರ್ಷನ್ನಾ, ಹೊಸದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಎಮ್ಯುಲೇಟರ್ ಅಂದರೆ ಹಳೇ ಗೇಮ್ ಕನ್ಸೋಲ್ ಅಥವಾ ಆರ್ಕೇಡ್ ಮೆಷಿನ್‌ನ ಹಾಗೆ ನಡೆದುಕೊಂಡು ಅದರ ಗೇಮನ್ನು ಕಂಪ್ಯೂಟರ್ ಅಥವಾ ಫೋನ್‌ನಲ್ಲಿ ಆಡಿಸುವ ಪ್ರೋಗ್ರಾಂ. ಹಳೇ ಗೇಮ್ ಆಡುವವರ ಮುಂದೆ ಈಗ ಒಂದೇ ಎಮ್ಯುಲೇಟರ್‌ನ ಹತ್ತಾರು ವರ್ಷನ್ ಇರುತ್ತವೆ. ಇಪ್ಪತ್ತು ವರ್ಷ ಹಿಂದಿನದೂ ಸಿಗುತ್ತದೆ, ನಿನ್ನೆ ರಾತ್ರಿ ಬಂದದ್ದೂ ಸಿಗುತ್ತದೆ. ಯಾವುದನ್ನು ಹಾಕಿಕೊಳ್ಳಬೇಕು ಅಂತ ಕೇಳಿದರೆ ಒಬ್ಬೊಬ್ಬರು ತಮಗೆ ಅಭ್ಯಾಸ ಆದದ್ದನ್ನೇ ಹೇಳುತ್ತಾರೆ. ಇಲ್ಲಿ ಕಾರಣದ ಸಮೇತ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ ಓದಬಹುದು. ಸೇವ್ ಬಗ್ಗೆ ಇರುವ ಭಾಗವನ್ನು ಮಾತ್ರ ಅಪ್‌ಡೇಟ್ ಬಟನ್ ಒತ್ತುವ ಮೊದಲೇ ಓದಿ.

ಒಂದೇ ಮಾತಲ್ಲಿ ಹೇಳಿ, ಹಳೆಯದಾ ಹೊಸದಾ?

ಹೊಸದು. ಅಂದರೆ ಆ ಎಮ್ಯುಲೇಟರ್ ಮಾಡುವವರು ಈಗ ಕೊಡುತ್ತಿರುವ ಸ್ಟೇಬಲ್ ವರ್ಷನ್. ಹಳೆಯದನ್ನು ಬಳಸಬೇಕಾದರೆ ಬೆರಳು ಮಾಡಿ ತೋರಿಸಬಹುದಾದ ಒಂದು ಕಾರಣ ಇರಬೇಕು. ಈ ರಾಮ್ ಸೆಟ್‌ಗೆ (ಗೇಮ್‌ನ ಚಿಪ್‌ಗಳಿಂದ ನಕಲು ಮಾಡಿದ ಆರ್‌ಒಎಂ ಫೈಲ್‌ಗಳ ಕಟ್ಟು) ಅದೇ ವರ್ಷನ್ ಬೇಕು, ಈ ಹ್ಯಾಕ್ (ಯಾರೋ ಬದಲಿಸಿದ ಗೇಮ್) ಅದರಲ್ಲಿ ಮಾತ್ರ ಓಡುತ್ತದೆ, ಅರ್ಧ ಆಡಿದ ಗೇಮ್‌ನ ಸೇವ್ ಸ್ಟೇಟ್ ಅದರಲ್ಲಿದೆ, ಅಥವಾ ನನ್ನ ಕಂಪ್ಯೂಟರ್‌ಗೆ ಹೊಸದು ಹತ್ತುವುದೇ ಇಲ್ಲ. ಹೆಚ್ಚುಕಮ್ಮಿ ಈ ನಾಲ್ಕೇ. "ಹಳೆಯದೇ ಚೆನ್ನಾಗಿತ್ತು ಅಂತ ಯಾರೋ ಹೇಳಿದರು" ಅನ್ನುವುದಕ್ಕೆ ಹಳೆಯದನ್ನು ಹಾಕಿಕೊಳ್ಳಬೇಡಿ. ಅವರು ಹೇಳಿದ್ದು ಹದಿನೈದು ವರ್ಷ ಹಿಂದಿನ ಕಂಪ್ಯೂಟರ್ ನೋಡಿಕೊಂಡು ಇರಬಹುದು.

ಹೊಸ ವರ್ಷನ್ ಬಂದಷ್ಟೂ ನಿಧಾನ ಆಗುತ್ತದೆ ಅಂತಾರೆ, ನಿಜಾನಾ?

ಅರ್ಧ ನಿಜ. ಯಾವ ಕನ್ಸೋಲ್ ಅನ್ನುವುದರ ಮೇಲೆ ಹೋಗುತ್ತದೆ.

8 ಬಿಟ್, 16 ಬಿಟ್ ಕನ್ಸೋಲ್‌ಗಳಲ್ಲಿ ನಿಜ. ಸೂಪರ್ ನಿಂಟೆಂಡೊ ತೆಗೆದುಕೊಳ್ಳಿ. ಅದರ ಮುಖ್ಯ ಚಿಪ್‌ನ ವೇಗ ಗರಿಷ್ಠ 3.58 ಮೆಗಾಹರ್ಟ್ಝ್. ಆದರೆ ಆ ಪೆಟ್ಟಿಗೆಯೊಳಗೆ ಸಿಪಿಯು, ಚಿತ್ರ ಬಿಡಿಸುವ ಚಿಪ್, ಸೌಂಡ್ ಚಿಪ್ ಮೂರೂ ಒಟ್ಟಿಗೇ ಓಡುತ್ತಿರುತ್ತವೆ, ಒಂದು ಮಾಡಿದ್ದು ಆ ಕ್ಷಣದಲ್ಲೇ ಇನ್ನೊಂದಕ್ಕೆ ತಟ್ಟುತ್ತದೆ. ಝಡ್‌ಸ್ನೆಸ್ ಥರದ ಹಳೇ ಸೂಪರ್ ನಿಂಟೆಂಡೊ ಎಮ್ಯುಲೇಟರ್‌ಗಳು ಸಿಪಿಯುವನ್ನು ಒಂದಷ್ಟು ದೂರ ಓಡಿಸಿ, ಆಮೇಲೆ ಒಂದು ಗೆರೆ ಚಿತ್ರ ಬಿಡಿಸಿ, ಆಮೇಲೆ ಸೌಂಡ್ ಕಡೆ ತಿರುಗುತ್ತಿದ್ದವು. ಬಹುಪಾಲು ಗೇಮ್‌ಗೆ ಅಷ್ಟು ಸಾಕಿತ್ತು. ಅದರ ಮೇಲೆ ಝಡ್‌ಸ್ನೆಸ್‌ನ ಬಹುಭಾಗವನ್ನು ಅಸೆಂಬ್ಲಿಯಲ್ಲೇ, ಅಂದರೆ ಪ್ರೊಸೆಸರ್‌ಗೆ ತೀರಾ ಹತ್ತಿರದ ಭಾಷೆಯಲ್ಲೇ ಬರೆದಿದ್ದರು, ಹಾಗಾಗಿ 90ರ ದಶಕದ ಕಂಪ್ಯೂಟರ್‌ನಲ್ಲೂ ಓಡುತ್ತಿತ್ತು. ಅದೇ ಕನ್ಸೋಲ್‌ನ ಇನ್ನೊಂದು ಎಮ್ಯುಲೇಟರ್ ಬಿಎಸ್‌ನೆಸ್ ಬಂದಿದ್ದು ಇದಕ್ಕೆ ಪೂರ್ತಿ ವಿರುದ್ಧವಾದ ಹಟದಿಂದ. ಪ್ರತಿ ಚಿಪ್‌ನ ಪ್ರತಿ ಹೆಜ್ಜೆಯನ್ನೂ ತಾಳೆ ಹಾಕಿಕೊಂಡು ಹೋಗಬೇಕು ಅನ್ನುವುದು. ಅದಕ್ಕೆ ಸುಮಾರು 3 ಗಿಗಾಹರ್ಟ್ಝ್ ಪ್ರೊಸೆಸರ್ ಬೇಕು ಅಂತ ಅದನ್ನು ಬರೆದ ಬೈಯು 2011ರಲ್ಲೇ ವಿವರವಾಗಿ ಹೇಳಿದ್ದರು. ಆಗ ಅದು ದೊಡ್ಡ ಮಾತು. ಈಗಿನ ಸಾಧಾರಣ ಲ್ಯಾಪ್‌ಟಾಪ್‌ಗೂ ಅದು ಕಷ್ಟ ಅಲ್ಲ.

3ಡಿ ಕನ್ಸೋಲ್‌ಗಳಿಗೆ ಬಂದರೆ ಕಥೆ ಉಲ್ಟಾ. ಗೇಮ್‌ಕ್ಯೂಬ್ ಮತ್ತು ವೀ ಆಡಿಸುವ ಡಾಲ್ಫಿನ್, ಪ್ಲೇಸ್ಟೇಷನ್ 2 ಆಡಿಸುವ ಪಿಸಿಎಸ್‌ಎಕ್ಸ್2, ಇವೆರಡೂ ವರ್ಷ ಹೋದಂತೆ ಹೆಚ್ಚಿನ ಗೇಮ್‌ಗಳಲ್ಲಿ ಇನ್ನೂ ಚೆನ್ನಾಗಿ ಓಡುತ್ತಾ ಬಂದಿವೆ. ಕನ್ಸೋಲ್‌ನ ಕೋಡನ್ನು ನಮ್ಮ ಪ್ರೊಸೆಸರ್‌ನ ಕೋಡಿಗೆ ಬದಲಿಸುವ ಭಾಗ ಸುಧಾರಿಸಿದೆ, ಗ್ರಾಫಿಕ್ಸ್ ಕಾರ್ಡನ್ನು ಚೆನ್ನಾಗಿ ಬಳಸಿಕೊಳ್ಳುವ ವಲ್ಕನ್‌ನ ಸಪೋರ್ಟ್ ಬಂದಿದೆ. ಡಾಲ್ಫಿನ್‌ನಲ್ಲಿ 2017ಕ್ಕೆ ಮುಂಚೆ ಹೊಸ ಎಫೆಕ್ಟ್ ಪರದೆ ಮೇಲೆ ಬಂದಾಗಲೆಲ್ಲ ಆಟ ಒಂದು ಕ್ಷಣ ತಡವರಿಸುತ್ತಿತ್ತು, ಆ ವರ್ಷ ಬಂದ ಉಬರ್‌ಶೇಡರ್ ಅನ್ನುವ ಚಿತ್ರ ಬಿಡಿಸುವ ಹೊಸ ವಿಧಾನ ಅದನ್ನು ಬಹುಮಟ್ಟಿಗೆ ನಿಲ್ಲಿಸಿತು. ವೇಗ ಸಿಗಲಿ ಅಂತ ಇಂಥ ಎಮ್ಯುಲೇಟರ್‌ಗಳ ಹಳೇ ವರ್ಷನ್ ಹುಡುಕುವುದು ಹೆಚ್ಚಿನ ಸಲ ಸುಮ್ನೆ ಶ್ರಮ.

ಮೇಮ್ ಅಪ್‌ಡೇಟ್ ಮಾಡಿದೆ, ನಿನ್ನೆವರೆಗೂ ಓಡುತ್ತಿದ್ದ ಗೇಮ್ ಇವತ್ತು ಫೈಲ್ ಇಲ್ಲ ಅನ್ನುತ್ತಿದೆ. ಏನಾಯಿತು?

ಗೇಮ್ ಹಾಳಾಗಿಲ್ಲ. ಆರ್ಕೇಡ್ ಗೇಮ್ ಆಡಿಸುವ ಎಮ್ಯುಲೇಟರ್ ಮೇಮ್ ಕೇಳುವ ಫೈಲ್‌ಗಳ ಪಟ್ಟಿ ಬದಲಾಗಿದೆ.

ಆರ್ಕೇಡ್ ಗೇಮ್‌ನ ಝಿಪ್ ಫೈಲ್ ಬಿಚ್ಚಿ ನೋಡಿ. ಒಳಗೆ ಒಂದು ಫೈಲ್ ಇರುವುದಿಲ್ಲ, ಆ ಮೆಷಿನ್‌ನ ಬೋರ್ಡಿನಲ್ಲಿದ್ದ ಒಂದೊಂದು ಚಿಪ್‌ಗೆ ಒಂದೊಂದು ಫೈಲ್ ಇರುತ್ತದೆ. ಮೇಮ್ 1997ರ ಫೆಬ್ರವರಿಯಲ್ಲಿ ಶುರುವಾದಾಗಿನಿಂದ ಅದರ ಗುರಿ ಆ ಬೋರ್ಡುಗಳನ್ನು ಇದ್ದ ಹಾಗೇ ದಾಖಲಿಸುವುದು, ಆಡುವುದು ಅದರಿಂದ ಸಿಗುವ ಲಾಭ. ಹಾಗಾಗಿ ಹಿಂದೆ ತಪ್ಪಾಗಿ ಓದಿದ್ದ ಚಿಪ್ ಈಗ ಸರಿಯಾಗಿ ಸಿಕ್ಕಿದರೆ ಪಟ್ಟಿ ಬದಲಾಗುತ್ತದೆ. ಹಿಂದೆ ಯಾರೂ ಓದಲಾಗದಿದ್ದ ಪ್ರೊಟೆಕ್ಷನ್ ಚಿಪ್ಪನ್ನು (ನಕಲು ತಡೆಯುವ ಚಿಪ್) ಈಗ ಓದಿದರೆ ಅದೂ ಸೇರುತ್ತದೆ. ಕ್ಯಾಪ್ಕಾಮ್‌ನ ಹಲವು ಗೇಮ್‌ಗಳಲ್ಲಿದ್ದ ಕ್ಯೂಸೌಂಡ್ ಚಿಪ್ ಒಳ್ಳೆಯ ಉದಾಹರಣೆ. ಬಹಳ ಕಾಲ ಮೇಮ್ ಅದರ ಕೆಲಸವನ್ನು ಅಂದಾಜಿನ ಮೇಲೆ ಮಾಡುತ್ತಿತ್ತು. 2018ರ ಹೊತ್ತಿಗೆ ಆ ಚಿಪ್‌ನ ಒಳಗಿನ ಪ್ರೋಗ್ರಾಮನ್ನೇ ಓಡಿಸಲು ಶುರು ಮಾಡಿತು. ಸದ್ದು ನಿಖರವಾಯಿತು, ಜೊತೆಗೆ ಕ್ಯೂಸೌಂಡ್ ಅನ್ನುವ ಇನ್ನೊಂದು ಝಿಪ್ ಕೂಡ ಬೇಕಾಯಿತು. ಅದು ಇಲ್ಲದವರಿಗೆಲ್ಲ ಗೇಮ್ ನಿಂತಿತು.

ದಾರಿ ಎರಡಿದೆ. ಹೊಸ ಮೇಮ್‌ಗೆ ಹೊಂದುವ ರಾಮ್ ಸೆಟ್ ಮಾಡಿಕೊಳ್ಳುವುದು, ಅಥವಾ ನಿಮ್ಮ ಹತ್ತಿರ ಇರುವ ಸೆಟ್ ಯಾವ ವರ್ಷನ್‌ನದೋ ಅದೇ ಮೇಮ್ ಬಳಸುವುದು. ಎರಡೂ ಸರಿ. ಯಾವ ಸೆಟ್ ಅಂತಲೇ ಗೊತ್ತಿಲ್ಲದೆ ಒಂದಾದ ಮೇಲೆ ಒಂದು ಮೇಮ್ ಹಾಕಿ ನೋಡುವುದು ಮಾತ್ರ ಬೇಡ. ಮೇಮ್‌ನಲ್ಲೇ ವೆರಿಫೈರಾಮ್ಸ್ ಅನ್ನುವ ಕಮಾಂಡ್ ಇದೆ, ಯಾವ ಫೈಲ್ ಇಲ್ಲ, ಯಾವುದು ತಪ್ಪು ಅಂತ ಹೆಸರು ಹಿಡಿದು ಹೇಳುತ್ತದೆ. ಸಂಗ್ರಹ ದೊಡ್ಡದಿದ್ದರೆ ಕ್ಲೆರ್‌ಮೇಮ್‌ಪ್ರೊ ಅಥವಾ ರಾಮ್‌ವಾಲ್ಟ್ ಅನ್ನುವ ಸೆಟ್ ಜೋಡಿಸುವ ಪ್ರೋಗ್ರಾಂಗೆ ಆ ವರ್ಷನ್‌ನ ಡ್ಯಾಟ್ ಫೈಲ್ (ಬೇಕಾದ ಫೈಲ್‌ಗಳ ಪಟ್ಟಿ) ಕೊಟ್ಟು ಜೋಡಿಸಿಕೊಳ್ಳಿ.

ಇನ್ನೊಂದು ವಿಷಯ. ಸೆಟ್‌ಗಳಲ್ಲಿ ಸ್ಪ್ಲಿಟ್, ಮರ್ಜ್ಡ್, ನಾನ್-ಮರ್ಜ್ಡ್ ಅಂತ ಮೂರು ಬಗೆ. ಸ್ಪ್ಲಿಟ್‌ನಲ್ಲಿ ಕ್ಲೋನ್ ಗೇಮ್ (ಒಂದು ಗೇಮ್‌ನ ಇನ್ನೊಂದು ಆವೃತ್ತಿ) ಓಡಲು ಅದರ ಪೇರೆಂಟ್ (ಮೂಲ ಗೇಮ್) ಝಿಪ್ ಪಕ್ಕದಲ್ಲೇ ಇರಬೇಕು. ಒಂದೇ ಒಂದು ಝಿಪ್ ಎತ್ತಿಕೊಂಡು ಬಂದು "ಹೊಸ ವರ್ಷನ್ ಸರಿ ಇಲ್ಲ" ಅನ್ನುವವರಲ್ಲಿ ತುಂಬಾ ಜನರ ತೊಂದರೆ ಇದೇ. ನಿಯೊ ಜಿಯೊ ಗೇಮ್‌ಗಳಿಗೆ ನಿಯೊಜಿಯೊ ಝಿಪ್ ಕೂಡ ಹಾಗೇ ಪಕ್ಕದಲ್ಲಿರಬೇಕು. ಹಾರ್ಡ್ ಡಿಸ್ಕ್ ಅಥವಾ ಸಿಡಿ ಇರುವ ಗೇಮ್‌ಗಳ ಡಿಸ್ಕ್‌ನ ನಕಲಾದ ಸಿಎಚ್‌ಡಿ ಫೈಲ್‌ಗೂ ತನ್ನದೇ ವರ್ಷನ್ ಇದೆ, ಈಗಿನ ಸಿಎಚ್‌ಡಿಯನ್ನು ತೀರಾ ಹಳೇ ಮೇಮ್ ಓದಲಾರದು.

ರೆಟ್ರೊಆರ್ಕ್‌ನಲ್ಲಿ ಮೇಮ್ 2000, 2003, 2003 ಪ್ಲಸ್, 2010 ಅಂತೆಲ್ಲ ಇದೆ. ದೊಡ್ಡ ನಂಬರ್ ಇದ್ದರೆ ಒಳ್ಳೆಯದಾ?

ಅವು ಮಾರ್ಕ್ಸ್ ಅಲ್ಲ, ವರ್ಷ. ರೆಟ್ರೊಆರ್ಕ್ ಅಂದರೆ ಹಲವು ಎಮ್ಯುಲೇಟರ್‌ಗಳನ್ನು ಒಂದೇ ಕಡೆ ಓಡಿಸುವ ಪ್ರೋಗ್ರಾಂ, ಅದರಲ್ಲಿನ ಒಂದೊಂದು ಎಮ್ಯುಲೇಟರ್‌ಗೆ ಕೋರ್ ಅನ್ನುತ್ತಾರೆ. ಆ ಕಾಲದ ಮೇಮ್ ಅನ್ನು ಹಾಗೇ ಹಿಡಿದಿಟ್ಟ ಕೋರ್‌ಗಳು ಅವು. ಮೇಮ್ 2000 ಅಂದರೆ 0.37ಬಿ5, ಮೇಮ್ 2003 ಅಂದರೆ 0.78, ಮೇಮ್ 2010 ಅಂದರೆ 0.139. ಪ್ರತಿಯೊಂದಕ್ಕೂ ಅದೇ ನಂಬರಿನ ರಾಮ್ ಸೆಟ್ ಬೇಕು. 2003 ಪ್ಲಸ್ ಮಾತ್ರ 0.78ರ ಬುಡದ ಮೇಲೆ ಆಮೇಲಿನ ಗೇಮ್‌ಗಳನ್ನೂ ತಿದ್ದುಪಡಿಗಳನ್ನೂ ಸೇರಿಸಿದ್ದು, ಅದಕ್ಕೆ ತನ್ನದೇ ಪಟ್ಟಿ ಇದೆ.

ಸಣ್ಣ ಬೋರ್ಡ್ ಕಂಪ್ಯೂಟರ್‌ನಲ್ಲೋ ಕೈಯಲ್ಲಿ ಹಿಡಿಯುವ ಅಗ್ಗದ ಸಾಧನದಲ್ಲೋ ಆಡುವವರಿಗೆ ನಾನು ಹೇಳುವುದು 2003 ಪ್ಲಸ್. ಹೋರಾಟದ ಗೇಮ್‌ಗಳು, ಶೂಟರ್‌ಗಳು ಜಾಸ್ತಿ ಆಡುವವರು ಫೈನಲ್‌ಬರ್ನ್ ನಿಯೊ ಅನ್ನುವ ಇನ್ನೊಂದು ಆರ್ಕೇಡ್ ಎಮ್ಯುಲೇಟರ್ ನೋಡಿ. ಅದು ಈಗಲೂ ಬೆಳೆಯುತ್ತಿದೆ, ಹಗುರವಾಗಿದೆ, ಅದರ ಸೆಟ್ ಈಗಿನ ಮೇಮ್ ಸೆಟ್‌ಗೆ ಬಹಳ ಹತ್ತಿರ. ಸೂಪರ್ ನಿಂಟೆಂಡೊಗೂ ಸ್ನೆಸ್9ಎಕ್ಸ್ 2002, 2005, 2010 ಅಂತ ಇದೇ ರೀತಿ ಕೋರ್ ಇವೆ. ಅವು ಶಕ್ತಿ ಕಡಿಮೆ ಇರುವ ಸಾಧನಗಳಿಗಾಗಿ ಇರುವಂಥವು. ಕಂಪ್ಯೂಟರ್‌ನಲ್ಲಿ ಕೂತು ಸ್ನೆಸ್9ಎಕ್ಸ್ 2002 ಬಳಸಲು ಯಾವ ಕಾರಣವೂ ಇಲ್ಲ.

ಅಪ್‌ಡೇಟ್ ಮಾಡಿದರೆ ನನ್ನ ಸೇವ್ ಹೋಗುತ್ತದಾ?

ಯಾವ ಸೇವ್ ಅಂತ ಮೊದಲು ತಿಳಿದುಕೊಳ್ಳಿ. ಎರಡು ಇವೆ, ಎರಡೂ ಬೇರೆ ಬೇರೆ.

ಒಂದು, ಗೇಮ್ ತಾನೇ ಮಾಡುವ ಸೇವ್. ಕಾರ್ಟ್ರಿಜ್‌ನ ಬ್ಯಾಟರಿ ಮೆಮೊರಿಯಲ್ಲೋ ಮೆಮೊರಿ ಕಾರ್ಡ್‌ನಲ್ಲೋ ಕೂರುತ್ತಿದ್ದದ್ದು. ಎಸ್‌ಆರ್‌ಎಂ, ಎಸ್‌ಎವಿ, ಎಂಸಿಆರ್, ಎಂಸಿಡಿ ಅನ್ನುವ ಬಾಲ ಇರುವ ಫೈಲ್‌ಗಳು ಇವೇ. ಇದರ ಒಳಗಿನ ರೂಪವನ್ನು ನಿರ್ಧರಿಸಿದ್ದು ಅಸಲಿ ಕನ್ಸೋಲ್, ಎಮ್ಯುಲೇಟರ್ ಅಲ್ಲ. ಪ್ಲೇಸ್ಟೇಷನ್ ಮೆಮೊರಿ ಕಾರ್ಡ್ ಅಂದರೆ 128 ಕೆಬಿ, ಅದನ್ನು ಇಪಿಎಸ್‌ಎಕ್ಸ್‌ಇ ಬರೆದರೂ ಅಷ್ಟೇ, ಡಕ್‌ಸ್ಟೇಷನ್ ಬರೆದರೂ ಅಷ್ಟೇ. ಹೆಸರಿನ ಬಾಲ ಬದಲಿಸಿದರೆ ಒಂದರದ್ದು ಇನ್ನೊಂದರಲ್ಲಿ ಓಡುತ್ತದೆ. ಹಾಗಾಗಿ ಈ ಸೇವ್ ಹಳೇ ವರ್ಷನ್‌ನಿಂದ ಹೊಸದಕ್ಕೆ, ಒಂದು ಎಮ್ಯುಲೇಟರ್‌ನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಹೋಗುತ್ತದೆ.

ಎರಡನೆಯದು ಸೇವ್ ಸ್ಟೇಟ್. ಬಟನ್ ಒತ್ತಿದ ಕ್ಷಣದಲ್ಲಿ ಎಮ್ಯುಲೇಟರ್‌ನ ಹೊಟ್ಟೆಯೊಳಗೆ ಏನೇನಿತ್ತೋ ಅಷ್ಟನ್ನೂ ಹಾಗೇ ಸುರಿದಿಟ್ಟದ್ದು. ಎಮ್ಯುಲೇಟರ್‌ನ ಒಳಗಿನ ಜೋಡಣೆ ಬದಲಾದರೆ ಆ ರಾಶಿಯಲ್ಲಿ ಯಾವುದು ಎಲ್ಲಿದೆ ಅಂತ ಹೊಸ ವರ್ಷನ್‌ಗೆ ಗೊತ್ತಾಗುವುದಿಲ್ಲ. ಡಾಲ್ಫಿನ್, ಪಿಸಿಎಸ್‌ಎಕ್ಸ್2 ಎರಡರಲ್ಲೂ ವರ್ಷನ್ ಬದಲಾದ ಮೇಲೆ ಹಳೇ ಸ್ಟೇಟ್ ತೆರೆಯದೆ ಹೋಗುವುದು ಮಾಮೂಲು. ಅದು ಬಗ್ ಅಲ್ಲ, ಯಾರೂ ಸರಿ ಮಾಡಿಕೊಡುವುದಿಲ್ಲ.

ಹಾಗಾಗಿ ವರ್ಷನ್ ಬದಲಿಸುವ ದಿನ ಹೀಗೆ ಮಾಡಿ. ಹಳೇ ವರ್ಷನ್ ತೆರೆಯಿರಿ, ಸ್ಟೇಟ್ ಲೋಡ್ ಮಾಡಿ, ಗೇಮ್‌ನೊಳಗಿನ ಸೇವ್ ಪಾಯಿಂಟ್‌ವರೆಗೆ ನಡೆದು ಅಲ್ಲಿ ಸೇವ್ ಮಾಡಿ. ಆಮೇಲೆ ಎಮ್ಯುಲೇಟರನ್ನು ಮೆನುವಿನಿಂದಲೇ ಸರಿಯಾಗಿ ಮುಚ್ಚಿ, ಯಾಕೆಂದರೆ ಕೆಲವು ಎಮ್ಯುಲೇಟರ್‌ಗಳು ಬ್ಯಾಟರಿ ಸೇವನ್ನು ಮುಚ್ಚುವಾಗಲಷ್ಟೇ ಡಿಸ್ಕ್‌ಗೆ ಬರೆಯುತ್ತವೆ, ಬಲವಂತವಾಗಿ ಕೊಂದರೆ ಅದೂ ಹೋಯಿತು. ಆ ಫೈಲನ್ನು ಬೇರೆ ಕಡೆ ಕಾಪಿ ಮಾಡಿಟ್ಟು, ಇನ್ನೊಂದು ಕಾಪಿಯನ್ನು ಹೊಸ ವರ್ಷನ್‌ನ ಸೇವ್ ಫೋಲ್ಡರ್‌ಗೆ ಹಾಕಿ. ಕಾರ್ಟ್ರಿಜ್ ಗೇಮ್ ಆದರೆ, ಬಾಲ ಬಿಟ್ಟು ಸೇವ್ ಫೈಲ್‌ನ ಹೆಸರು ರಾಮ್ ಫೈಲ್‌ನ ಹೆಸರಿಗೆ ಅಕ್ಷರ ಅಕ್ಷರಕ್ಕೂ ಹೊಂದಬೇಕು.

ಇದಕ್ಕೂ ಅಪವಾದ ಇದೆ. ರೆಟ್ರೊಆರ್ಕ್‌ನಲ್ಲಿ ಮ್ಯೂಪೆನ್64ಪ್ಲಸ್ ಕೋರ್ ನಿಂಟೆಂಡೊ 64ರ ಎಲ್ಲಾ ಬಗೆಯ ಸೇವ್‌ಗಳನ್ನೂ ಒಂದೇ ಫೈಲ್‌ನಲ್ಲಿ ಒಟ್ಟು ಮಾಡಿ ಇಡುತ್ತದೆ, ಬೇರೆ ಎಮ್ಯುಲೇಟರ್‌ನಲ್ಲಿ ಅವು ಬಿಡಿಬಿಡಿ. ಅಲ್ಲಿ ಬಾಲ ಬದಲಿಸಿದರೆ ಸಾಲದು, ಕನ್ವರ್ಟರ್ ಬೇಕು. ಗೇಮ್‌ನಲ್ಲಿ ಸೇವ್ ವ್ಯವಸ್ಥೆಯೇ ಇಲ್ಲ, ಸ್ಟೇಟ್ ನಂಬಿಕೊಂಡೇ ಅರ್ಧ ದಾರಿ ಬಂದಿದ್ದೀರಿ ಅಂದರೆ ಆ ಗೇಮ್ ಮುಗಿಯುವವರೆಗೆ ಹಳೇ ವರ್ಷನ್‌ನಲ್ಲೇ ಇರಿ.

ಪೋಕೆಮಾನ್ ಫೈರ್‌ರೆಡ್‌ನಲ್ಲಿ 1ಎಂ ಸಬ್ ಸರ್ಕ್ಯೂಟ್ ಬೋರ್ಡ್ ಇಲ್ಲ ಅಂತ ಬರುತ್ತಿದೆ. ಹಳೇ ವರ್ಷನ್ ಹಾಕಲಾ?

ಬೇಡ, ನೀವು ಹಳೇ ವರ್ಷನ್‌ನಲ್ಲಿ ಇರುವುದರಿಂದಲೇ ಇದು ಬರುತ್ತಿರುವ ಸಾಧ್ಯತೆ ಜಾಸ್ತಿ. ಆ ಗೇಮ್‌ನ ಕಾರ್ಟ್ರಿಜ್‌ನಲ್ಲಿ 128 ಕೆಬಿ ಫ್ಲಾಶ್ ಮೆಮೊರಿ ಇತ್ತು. ಗೇಮ್ ಬಾಯ್ ಅಡ್ವಾನ್ಸ್‌ನ ಹಳೇ ಎಮ್ಯುಲೇಟರ್ ವಿಷುಯಲ್‌ಬಾಯ್‌ಅಡ್ವಾನ್ಸ್ (ವಿಬಿಎ) ಅದನ್ನು 64 ಕೆಬಿ ಅಂತ ಅಂದುಕೊಂಡರೆ ಗೇಮ್ ತನ್ನ ಮೆಮೊರಿ ಕಾಣದೆ ಈ ಮಾತು ಹೇಳುತ್ತದೆ. ಸೆಟ್ಟಿಂಗ್‌ನಲ್ಲಿ ಫ್ಲಾಶ್ 128 ಕೆಬಿ ಅಂತ ಮಾಡಿದರೆ ಹೋಗುತ್ತದೆ. ಅದಕ್ಕಿಂತ ಎಂಜಿಬಿಎ ಅನ್ನುವ ಹೊಸ ಎಮ್ಯುಲೇಟರ್ ಹಾಕಿಕೊಂಡರೆ ಅದು ಗೇಮ್ ನೋಡಿ ತಾನೇ ಸರಿಯಾದದ್ದನ್ನು ಆರಿಸುತ್ತದೆ. ಹಳೇ ವಿಬಿಎಗೆ ಈಗ ಅಂಟಿಕೊಳ್ಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ನನ್ನ ರಾಮ್ ಹ್ಯಾಕ್ ಝಡ್‌ಸ್ನೆಸ್‌ನಲ್ಲಿ ಚೆನ್ನಾಗಿ ಓಡುತ್ತದೆ, ಹೊಸ ಎಮ್ಯುಲೇಟರ್‌ನಲ್ಲಿ ಸೌಂಡ್ ಕೆಟ್ಟು ಹ್ಯಾಂಗ್ ಆಗುತ್ತದೆ. ಹಾಗಾದರೆ ಹಳೆಯದೇ ಸರಿ ಅಲ್ವಾ?

ತಪ್ಪು ಇರುವುದು ಝಡ್‌ಸ್ನೆಸ್‌ನಲ್ಲಿ, ಹ್ಯಾಕ್ ಅದಕ್ಕೆ ಒಗ್ಗಿಕೊಂಡಿದೆ. ಸೂಪರ್ ನಿಂಟೆಂಡೊದ ಸೌಂಡ್ ಚಿಪ್‌ಗೆ ತನ್ನದೇ 64 ಕೆಬಿ ಮೆಮೊರಿ ಇದೆ. ಪ್ರತಿಧ್ವನಿ ಬೇಕು ಅಂದಾಗ ಚಿಪ್ ಅದೇ 64 ಕೆಬಿಯೊಳಗೆ ಒಂದು ಜಾಗಕ್ಕೆ ಆ ಸದ್ದನ್ನು ಬರೆಯುತ್ತಾ ಹೋಗುತ್ತದೆ. ಝಡ್‌ಸ್ನೆಸ್ ಅದನ್ನು ಅಲ್ಲಿ ಬರೆಯದೆ ಹೊರಗೆ ಇಟ್ಟುಕೊಳ್ಳುತ್ತಿತ್ತು. ಆ ಕಾಲದಲ್ಲಿ ಸೂಪರ್ ಮಾರಿಯೊ ವರ್ಲ್ಡ್‌ಗೆ ಹೊಸ ಹಾಡು ಸೇರಿಸಿದವರು ಝಡ್‌ಸ್ನೆಸ್‌ನಲ್ಲಿ ಮಾತ್ರ ಪರೀಕ್ಷೆ ಮಾಡಿ, ಖಾಲಿ ಇದೆ ಅಂದುಕೊಂಡು ಹಾಡಿನ ಡೇಟಾವನ್ನು ಅದೇ ಜಾಗಕ್ಕೆ ತುಂಬಿದರು. ಅಸಲಿ ಕನ್ಸೋಲ್‌ನಲ್ಲಿ, ನಿಖರವಾದ ಎಮ್ಯುಲೇಟರ್‌ನಲ್ಲಿ ಪ್ರತಿಧ್ವನಿ ಬಂದು ಆ ಡೇಟಾದ ಮೇಲೇ ಕೂರುತ್ತದೆ. ಕರ್ಕಶ ಸದ್ದು, ಆಮೇಲೆ ಹ್ಯಾಂಗ್. ಪರದೆ ಬಿಡಿಸುತ್ತಿರುವ ಹೊತ್ತಲ್ಲೇ ವಿಡಿಯೊ ಮೆಮೊರಿಗೆ ಬರೆಯುವುದೂ ಹೀಗೇ, ಅಸಲಿ ಯಂತ್ರ ಅದನ್ನು ತಡೆಯುತ್ತದೆ, ಹಳೇ ಎಮ್ಯುಲೇಟರ್‌ಗಳು ಬಿಟ್ಟುಬಿಡುತ್ತಿದ್ದವು. 90ರ ದಶಕದ ಕೆಲವು ಅನುವಾದ ಪ್ಯಾಚ್‌ಗಳಲ್ಲಿ ಅಕ್ಷರ ಹರಿದು ಕಾಣುವುದು ಇದರಿಂದ.

ಆದರೂ ಝಡ್‌ಸ್ನೆಸ್‌ಗೆ ಮರಳಬೇಕಿಲ್ಲ. ಈಗಿನ ಸ್ನೆಸ್9ಎಕ್ಸ್‌ನಲ್ಲಿ ಈ ಎರಡೂ ಹಳೇ ನಡವಳಿಕೆಗಳನ್ನು ಬೇಕಾದಾಗ ಆನ್ ಮಾಡುವ ಆಯ್ಕೆ ಇದೆ, ಪ್ರತಿಧ್ವನಿಯನ್ನು ಬೇರೆ ಇಡುವುದು ಒಂದು, ವಿಡಿಯೊ ಮೆಮೊರಿಗೆ ಅಕಾಲದಲ್ಲಿ ಬರೆಯಲು ಬಿಡುವುದು ಇನ್ನೊಂದು. ಆ ಹ್ಯಾಕ್‌ಗೆ ಮಾತ್ರ ಆನ್ ಮಾಡಿ, ಆಮೇಲೆ ಆಫ್ ಮಾಡಿ. ಹ್ಯಾಕ್ ಮಾಡಿದವರು ಆಮೇಲೆ ಸರಿ ಮಾಡಿದ ಪ್ಯಾಚ್ ಬಿಟ್ಟಿದ್ದಾರಾ ಅಂತಲೂ ನೋಡಿ. ಶುರುವಿನಲ್ಲೇ ಕಪ್ಪು ಪರದೆ ಬಂದರೆ ಎಮ್ಯುಲೇಟರನ್ನು ದೂರುವ ಮೊದಲು ರಾಮ್ ನೋಡಿ, ಮೊದಲ 512 ಬೈಟ್ ಹೆಡರ್ ಇರಬೇಕಾದಲ್ಲಿ ಇಲ್ಲದಿದ್ದರೆ ಅಥವಾ ಇರಬಾರದಲ್ಲಿ ಇದ್ದರೆ ಐಪಿಎಸ್ ಪ್ಯಾಚ್ (ಹ್ಯಾಕ್‌ನ ಬದಲಾವಣೆಗಳಿರುವ ಫೈಲ್) ತಪ್ಪು ಜಾಗಕ್ಕೆ ಕೂತಿರುತ್ತದೆ.

ನಿಂಟೆಂಡೊ 64ರಲ್ಲಿ ಇದೇ ಕಥೆ ಪ್ರಾಜೆಕ್ಟ್64 ಅನ್ನುವ ಎಮ್ಯುಲೇಟರ್‌ನ ವರ್ಷನ್ 1.6ರದ್ದು. ಹಳೇ ಸೂಪರ್ ಮಾರಿಯೊ 64 ಹ್ಯಾಕ್‌ಗಳಲ್ಲಿ ಹಲವು ಅದರ ಮೇಲೆ, ಅದರ ಅಂದಿನ ಗ್ರಾಫಿಕ್ಸ್ ಪ್ಲಗಿನ್ (ಬೇರೆಯಾಗಿ ಜೋಡಿಸುವ ಭಾಗ) ಮೇಲೆ ಪರೀಕ್ಷೆಯಾದವು. ಅಂಥ ಹ್ಯಾಕ್‌ನ ರೀಡ್‌ಮಿ ಫೈಲ್ 1.6 ಬೇಕು ಅಂದರೆ ನಂಬಿ, ಅದನ್ನು ಬೇರೆ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಇಲ್ಲಿ ಹಳೇ ವರ್ಷನ್ ಇಟ್ಟುಕೊಳ್ಳುವುದು ನಿಜಕ್ಕೂ ಸರಿ. ಆ ಹ್ಯಾಕ್‌ಗಳೂ ಯಾರೋ ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ, ಅವು ಆಡಲು ಸಿಗಬೇಕು.

ಸ್ಟೇಬಲ್, ಡೆವ್, ನೈಟ್ಲಿ. ಯಾವುದು?

ಡೆವ್, ನೈಟ್ಲಿ ಅಂದರೆ ಇನ್ನೂ ಕೆಲಸ ನಡೆಯುತ್ತಿರುವಾಗಲೇ ಹೊರಬಿಡುವ ಬಿಲ್ಡ್‌ಗಳು, ಸ್ಟೇಬಲ್ ಅಂದರೆ ಪರೀಕ್ಷಿಸಿ ಬಿಟ್ಟದ್ದು. ಸಾಮಾನ್ಯವಾಗಿ ಸ್ಟೇಬಲ್. ಆದರೆ ಸ್ಟೇಬಲ್‌ನ ತಾರೀಖು ನೋಡಿ. ಡಾಲ್ಫಿನ್ 5.0 ಬಂದದ್ದು 2016ರ ಜೂನ್‌ನಲ್ಲಿ, ಅದರ ಮುಂದಿನ ದೊಡ್ಡ ಬಿಡುಗಡೆ ಬಂದದ್ದು 2024ರ ಜುಲೈನಲ್ಲಿ. ಮಧ್ಯದ ಎಂಟು ವರ್ಷ ಸ್ಟೇಬಲ್ ಅನ್ನುವ ಹೆಸರು ನೋಡಿ 5.0 ಹಾಕಿಕೊಂಡವರು ಸುಮ್ನೆ ಹಿಂದೆ ಉಳಿದರು. ನಿಜವಾದ ಸುಧಾರಣೆಗಳೆಲ್ಲ ಬೀಟಾ ಮತ್ತು ಡೆವ್ ಬಿಲ್ಡ್‌ಗಳಲ್ಲಿದ್ದವು. ಈಗ ಅವರು ಹೆಸರಿಡುವ ರೀತಿ ಬದಲಿಸಿದ್ದಾರೆ, 2407 ಅಂದರೆ 24ನೇ ಇಸವಿಯ 7ನೇ ತಿಂಗಳು. ಪಿಸಿಎಸ್‌ಎಕ್ಸ್2ನಲ್ಲೂ 1.6 ಬಂದದ್ದು 2020ರಲ್ಲಿ, 2.0 ಬಂದದ್ದು 2024ರಲ್ಲಿ.

ನನ್ನ ಲೆಕ್ಕ ಇಷ್ಟೇ. ಸ್ಟೇಬಲ್ ಒಂದು ವರ್ಷದೊಳಗಿನದಾದರೆ ಅದೇ ಸಾಕು. ಅದಕ್ಕಿಂತ ಬಹಳ ಹಳೆಯದಾಗಿ, ಡೆವ್ ಬಿಲ್ಡ್‌ಗಳು ನಿರಂತರ ಬರುತ್ತಿದ್ದರೆ ಡೆವ್ ಹಾಕಿಕೊಳ್ಳಿ, ಆದರೆ ದಿನಾ ಅಪ್‌ಡೇಟ್ ಮಾಡಬೇಡಿ. ಚೆನ್ನಾಗಿ ಓಡುವ ಒಂದು ಬಿಲ್ಡ್ ಸಿಕ್ಕಿದ ಮೇಲೆ ಆಡುತ್ತಿರುವ ಗೇಮ್ ಮುಗಿಯುವವರೆಗೆ ಅಲ್ಲೇ ನಿಲ್ಲಿ.

ಪಿಸಿಎಸ್‌ಎಕ್ಸ್2 1.6ರಲ್ಲಿ ಪ್ಲಗಿನ್ ಆರಿಸಬಹುದಿತ್ತು, 2.0ದಲ್ಲಿ ಇಲ್ಲ. ಏನೋ ಕಳೆದುಕೊಂಡೆವಾ?

ಇಲ್ಲ. ಗ್ರಾಫಿಕ್ಸ್, ಸೌಂಡ್, ಕಂಟ್ರೋಲರ್‌ಗೆ ಬೇರೆ ಬೇರೆಯವರು ಪ್ಲಗಿನ್ ಬರೆಯುವುದು ಹಳೇ ಪದ್ಧತಿ. ಒಂದು ಗೇಮ್‌ಗೆ ಒಂದು ಪ್ಲಗಿನ್, ಇನ್ನೊಂದಕ್ಕೆ ಇನ್ನೊಂದು ಅಂತ ಬದಲಿಸುತ್ತಾ ಕೂರಬೇಕಿತ್ತು. ಈಗ ಎಲ್ಲವೂ ಎಮ್ಯುಲೇಟರ್‌ನ ಒಳಗೇ ಇದೆ. ಮೊದಲು ಕೈಯಾರೆ ಮಾಡುತ್ತಿದ್ದ ತಿದ್ದುಪಡಿಗಳಲ್ಲಿ ಬಹಳಷ್ಟನ್ನು ಗೇಮ್ ಗುರುತಿಸಿ ಅದೇ ಹಾಕಿಕೊಳ್ಳುತ್ತದೆ. ಹಾಗಾಗಿ 1.6ರ ಕಾಲದ ಸೆಟ್ಟಿಂಗ್ ಗೈಡ್‌ಗಳನ್ನು 2.0ಕ್ಕೆ ಅನ್ವಯಿಸಬೇಡಿ, ಅದರಿಂದಲೇ ಗೇಮ್ ಕೆಡುತ್ತದೆ. ಮೊದಲು ಎಲ್ಲವನ್ನೂ ಡೀಫಾಲ್ಟ್‌ಗೆ ತಂದು ಓಡಿಸಿ ನೋಡಿ. ಮೆಮೊರಿ ಕಾರ್ಡ್ ಫೈಲ್ ಹಾಗೇ ಬರುತ್ತದೆ.

ಕಂಪ್ಯೂಟರ್ ಹಳೆಯದು. ಹೊಸ ವರ್ಷನ್ ತೆರೆಯುವುದೇ ಇಲ್ಲ.

ಇದು ಹಳೇ ವರ್ಷನ್‌ಗೆ ಒಪ್ಪುವಂಥ ಕಾರಣ. ಡಾಲ್ಫಿನ್ 32 ಬಿಟ್ ಬಿಟ್ಟು ಬಹಳ ವರ್ಷವಾಯಿತು, ಈಗ ವಿಂಡೋಸ್ 7ರಲ್ಲೂ ಓಡುವುದಿಲ್ಲ. ಪಿಸಿಎಸ್‌ಎಕ್ಸ್2 2.0 ಪೂರ್ತಿ 64 ಬಿಟ್, ಪ್ರೊಸೆಸರ್‌ನಲ್ಲಿ ಎಸ್‌ಎಸ್‌ಇ4.1 ಅನ್ನುವ ಸೌಲಭ್ಯ ಇರಲೇಬೇಕು. ಇಂಥ ಕಡೆ ನಿಮ್ಮ ಸಿಸ್ಟಂ ಒಪ್ಪುವ ಕೊನೆಯ ವರ್ಷನ್ ಯಾವುದೋ ಅದನ್ನು ಹುಡುಕಿ, ಎಲ್ಲಕ್ಕಿಂತ ಹಳೆಯದನ್ನಲ್ಲ. ಫೈಲ್ ಫಾರ್ಮ್ಯಾಟ್ ಕಡೆಗೂ ಗಮನ ಇರಲಿ. ಡಾಲ್ಫಿನ್‌ನ ಆರ್‌ವಿಝಡ್ ಅನ್ನುವ ಡಿಸ್ಕ್ ಫೈಲ್ ಫಾರ್ಮ್ಯಾಟ್ ಬಂದದ್ದು 2020ರಲ್ಲಿ, 5.0 ಅದನ್ನು ತೆರೆಯುವುದಿಲ್ಲ, ಐಎಸ್ಒಗೆ ಮರಳಿ ಬದಲಿಸಬೇಕು.

ತಿರುಗಾ ಹೊಸ ಸಿಸ್ಟಂನಲ್ಲಿ ಹಳೇ ಎಮ್ಯುಲೇಟರ್ ಓಡದಿರುವುದೂ ಇದೆ. ಡಾಸ್ ಕಾಲದ ಎಮ್ಯುಲೇಟರ್‌ಗಳು 64 ಬಿಟ್ ವಿಂಡೋಸ್‌ನಲ್ಲಿ ನೇರ ತೆರೆಯುವುದಿಲ್ಲ, ಡಾಸ್‌ಬಾಕ್ಸ್ ಒಳಗೆ ಓಡಿಸಬೇಕು. ಮ್ಯಾಕ್‌ನಲ್ಲಿ 2019ರ ಕ್ಯಾಟಲಿನಾದಿಂದ ಮುಂದೆ 32 ಬಿಟ್ ಆ್ಯಪ್ ಯಾವುದೂ ಓಡುವುದಿಲ್ಲ.

ಆಂಡ್ರಾಯ್ಡ್‌ನಲ್ಲಿ ಹಳೇ ಎಪಿಕೆ ಹಾಕಬಹುದಾ?

ಹಾಕಬಹುದು, ಆದರೆ ಜೋಪಾನ. ಹೊಸದರ ಮೇಲೆ ಹಳೆಯದನ್ನು ಹಾಕಲು ಆಂಡ್ರಾಯ್ಡ್ ಬಿಡುವುದಿಲ್ಲ, ಮೊದಲು ಅನ್‌ಇನ್‌ಸ್ಟಾಲ್ ಮಾಡಬೇಕು. ಹಾಗೆ ಮಾಡಿದ ಕೂಡಲೇ ಆ ಆ್ಯಪ್‌ನ ಸ್ವಂತ ಫೋಲ್ಡರ್ ಅಳಿಸಿಹೋಗುತ್ತದೆ. ಸೇವ್‌ಗಳು ಅದರೊಳಗೇ ಇದ್ದರೆ ಅವೂ ಹೋದ ಹಾಗೇ. ಮೊದಲು ಬೇರೆ ಕಡೆಗೆ ಕಾಪಿ ಮಾಡಿ. ಆಂಡ್ರಾಯ್ಡ್ 11ರ ನಂತರ ಆ್ಯಪ್‌ಗಳು ಸ್ಟೋರೇಜ್‌ನಲ್ಲಿ ಬೇಕಾದ ಕಡೆ ಓದಿ ಬರೆಯುವಂತಿಲ್ಲ, ಹಾಗಾಗಿ ಹೊಸ ಎಮ್ಯುಲೇಟರ್‌ಗಳು ಫೋಲ್ಡರ್ ತೋರಿಸಿ ಅಂತ ಕೇಳುತ್ತವೆ. ಗೇಮ್‌ಗಳೂ ಸೇವ್‌ಗಳೂ ನಿಮ್ಮದೇ ಆದ ಒಂದು ಫೋಲ್ಡರ್‌ನಲ್ಲಿರಲಿ. ಆಂಡ್ರಾಯ್ಡ್ 14, ತೀರಾ ಹಳೇ ಆ್ಯಪ್‌ಗಳನ್ನು, ಅಂದರೆ ಆಂಡ್ರಾಯ್ಡ್ 6ಕ್ಕಿಂತ ಹಿಂದಿನದನ್ನು ಗುರಿಯಾಗಿಟ್ಟು ಮಾಡಿದವನ್ನು, ಇನ್‌ಸ್ಟಾಲ್ ಮಾಡಲು ಬಿಡುವುದಿಲ್ಲ. ಕೆಲವು ಹೊಸ ಫೋನ್‌ಗಳಲ್ಲಿ 32 ಬಿಟ್ ಆ್ಯಪ್ ಓಡುವುದೂ ಇಲ್ಲ.

ಬಟನ್ ಒತ್ತಿದರೆ ಸ್ವಲ್ಪ ತಡವಾಗಿ ಹಾರುತ್ತದೆ. ಹಳೇ ಎಮ್ಯುಲೇಟರ್‌ನಲ್ಲಿ ಹೀಗಿರಲಿಲ್ಲ.

ಆಗ ಗುಂಡಗಿನ ಟ್ಯೂಬ್ ಮಾನಿಟರ್ ಇತ್ತು, ಅದೂ ಒಂದು ಕಾರಣ. ಹೊಸದರಲ್ಲಿ ಇದಕ್ಕೆ ಮದ್ದು ಇದೆ. ರೆಟ್ರೊಆರ್ಕ್‌ಗೆ 2018ರಲ್ಲಿ ರನ್-ಅಹೆಡ್ ಬಂತು. ಗೇಮ್ ತಾನೇ ಒಂದೆರಡು ಫ್ರೇಮ್ ತಡ ಮಾಡುತ್ತದಲ್ಲ, ಎಮ್ಯುಲೇಟರ್ ಅಷ್ಟು ಫ್ರೇಮ್ ಮುಂದಕ್ಕೆ ಓಡಿಸಿ ಫಲಿತಾಂಶವನ್ನು ಮೊದಲೇ ತೋರಿಸುತ್ತದೆ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದೊಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್ ಉಳಿತಾಯ. ಪ್ರೊಸೆಸರ್‌ಗೆ ಕೆಲಸ ಜಾಸ್ತಿ. ಒಂದರಿಂದ ಶುರು ಮಾಡಿ, ಆಟ ಹಾರಿಹಾರಿ ಕಂಡರೆ ಕಡಿಮೆ ಮಾಡಿ.

ಗೆಳೆಯರ ಜೊತೆ ನೆಟ್‌ಪ್ಲೇ (ಇಂಟರ್ನೆಟ್ ಮೂಲಕ ಒಟ್ಟಿಗೆ) ಆಡಬೇಕು.

ಇಬ್ಬರದೂ ಒಂದೇ ವರ್ಷನ್, ಒಂದೇ ರಾಮ್. ಅಷ್ಟೇ ನಿಯಮ. ಒಂದು ಫ್ರೇಮ್ ಲೆಕ್ಕ ತಪ್ಪಿದರೂ ಇಬ್ಬರ ಪರದೆಯಲ್ಲಿ ಬೇರೆ ಬೇರೆ ಆಟ ನಡೆಯುತ್ತದೆ. ಹಳೇ ನೆಟ್‌ಪ್ಲೇ ವ್ಯವಸ್ಥೆ ಕೈಲೆರಾದ ಕಾಲದಲ್ಲಿ ಬಹಳ ಜನ ಮೇಮ್‌ನ ಒಂದು ರೂಪವಾದ ಮೇಮ್32ಕೆ 0.64ಕ್ಕೆ ಅಂಟಿಕೊಂಡಿದ್ದದ್ದು ಇದಕ್ಕೇ. ಇನ್‌ಪುಟ್ ರೆಕಾರ್ಡ್ ಮಾಡಿದ ಮೂವಿ ಫೈಲ್ ಮರು ಓಡಿಸುವುದಕ್ಕೂ ಇದೇ ಮಾತು. ಸ್ಪೀಡ್‌ರನ್ ಮಾಡುವವರು ಆ ಗೇಮ್‌ನ ನಿಯಮ ಮೊದಲೇ ಓದಿ, ಝಡ್‌ಸ್ನೆಸ್ ಒಪ್ಪದ ಕಡೆಗಳೇ ಜಾಸ್ತಿ. ಹಳೇ ಗೇಮ್‌ಗಳಿಗೆ ಸಾಧನೆಯ ಪದಕ ಕೊಡುವ ರೆಟ್ರೊಅಚೀವ್‌ಮೆಂಟ್ಸ್‌ನ ಹಾರ್ಡ್‌ಕೋರ್ ಮೋಡ್‌ಗೂ ಹಳೇ ವರ್ಷನ್ ನಡೆಯುವುದಿಲ್ಲ.

ಹಳೇ ವರ್ಷನ್ ಸೇಫಾ?

ಆಡುವುದಕ್ಕೆ ಸೇಫ್, ಕಣ್ಣು ಮುಚ್ಚಿ ನಂಬುವುದಕ್ಕಲ್ಲ. ಝಡ್‌ಸ್ನೆಸ್ 1.51 ಬಂದದ್ದು 2007ರಲ್ಲಿ, ಅಲ್ಲಿಗೆ ಅದರ ಬೆಳವಣಿಗೆ ನಿಂತಿತು. ಬೇಕಂತಲೇ ತಯಾರಿಸಿದ ರಾಮ್ ಫೈಲ್ ಒಂದನ್ನು ತೆರೆದರೆ ನಿಮ್ಮ ಕಂಪ್ಯೂಟರ್‌ನಲ್ಲಿ ಬೇರೆ ಕೋಡ್ ಓಡಿಸಬಹುದು ಅಂತ 2015ರಲ್ಲಿ ತೋರಿಸಲಾಯಿತು. ನಿಂತುಹೋದ ಪ್ರಾಜೆಕ್ಟ್‌ನಲ್ಲಿ ಇಂಥ ತೂತು ಮುಚ್ಚುವವರು ಇರುವುದಿಲ್ಲ. ಗುರುತಿಲ್ಲದ ರಾಮ್‌ಗಳನ್ನು ಅಂಥದರಲ್ಲಿ ತೆರೆಯಬೇಡಿ.

ದೊಡ್ಡ ಅಪಾಯ ಡೌನ್‌ಲೋಡ್‌ನಲ್ಲಿದೆ. ಹಳೇ ವರ್ಷನ್ ಕೂಡ ಆ ಪ್ರಾಜೆಕ್ಟ್‌ನ ಸ್ವಂತ ಪುಟದಿಂದ ಅಥವಾ ಅದರ ಗಿಟ್‌ಹಬ್ ರಿಲೀಸ್ ಪಟ್ಟಿಯಿಂದಲೇ ತನ್ನಿ. ಹೆಚ್ಚಿನವು ಎಲ್ಲಾ ಹಳೇ ಬಿಡುಗಡೆಗಳನ್ನೂ ಅಲ್ಲೇ ಇಟ್ಟಿರುತ್ತವೆ. ನಿಂಟೆಂಡೊ 3ಡಿಎಸ್‌ನ ಎಮ್ಯುಲೇಟರ್ ಸಿಟ್ರಾ 2024ರ ಮಾರ್ಚ್‌ನಲ್ಲಿ ನಿಂತಿತು. ಹೀಗೆ ಮುಚ್ಚಿದ ಎಮ್ಯುಲೇಟರ್‌ಗಳ ಹೆಸರಲ್ಲಿ ನಕಲಿ ಡೌನ್‌ಲೋಡ್ ಪುಟಗಳು ಹುಟ್ಟಿಕೊಳ್ಳುತ್ತವೆ, ಜಾಸ್ತಿ ಎಚ್ಚರ ಬೇಕಾದದ್ದು ಅಲ್ಲಿ. ಫೈಲ್ ಅಸಲಿಯೇ ಅಂತ ತಿಳಿಯಲು ಎಸ್‌ಎಚ್‌ಎ-256 ಸಂಖ್ಯೆ ಕೊಟ್ಟಿದ್ದರೆ ತಾಳೆ ನೋಡಿ.

ಎರಡೂ ವರ್ಷನ್ ಒಟ್ಟಿಗೆ ಇಟ್ಟುಕೊಳ್ಳಬಹುದಾ?

ಖಂಡಿತ, ನಾನೂ ಹಾಗೇ ಇಟ್ಟುಕೊಂಡಿರುವುದು. ಇನ್‌ಸ್ಟಾಲರ್ ಬೇಡ, ಝಿಪ್‌ನಲ್ಲಿ ಬರುವ ಪೋರ್ಟಬಲ್ ರೂಪ ತನ್ನಿ. ಫೋಲ್ಡರ್ ಹೆಸರಲ್ಲೇ ವರ್ಷನ್ ನಂಬರ್ ಬರೆಯಿರಿ. ಗಮನಿಸಬೇಕಾದದ್ದು ಏನೆಂದರೆ ಎಷ್ಟೋ ಎಮ್ಯುಲೇಟರ್‌ಗಳು ಸೆಟ್ಟಿಂಗ್‌ಗಳನ್ನು ತಮ್ಮ ಫೋಲ್ಡರ್‌ನಲ್ಲಿ ಇಡದೆ ಡಾಕ್ಯುಮೆಂಟ್ಸ್ ಅಥವಾ ಆ್ಯಪ್‌ಡೇಟಾ ಒಳಗೆ ಇಡುತ್ತವೆ. ಆಗ ಎರಡು ವರ್ಷನ್ ಬೇರೆ ಬೇರೆ ಫೋಲ್ಡರ್‌ನಲ್ಲಿದ್ದರೂ ಸೆಟ್ಟಿಂಗ್ ಒಂದೇ, ಹೊಸದು ಬರೆದದ್ದು ಹಳೆಯದಕ್ಕೆ ಅರ್ಥವಾಗದೆ ಎರಡೂ ಕೆಡುತ್ತವೆ. ಡಾಲ್ಫಿನ್‌ನಲ್ಲಿ ಪ್ರೋಗ್ರಾಂ ಪಕ್ಕದಲ್ಲಿ ಪೋರ್ಟಬಲ್ ಅನ್ನುವ ಖಾಲಿ ಟಿಎಕ್ಸ್‌ಟಿ ಫೈಲ್ ಇಟ್ಟರೆ ಎಲ್ಲವನ್ನೂ ಅಲ್ಲೇ ಇಟ್ಟುಕೊಳ್ಳುತ್ತದೆ. ರಾಮ್ ಫೋಲ್ಡರ್ ಎರಡಕ್ಕೂ ಒಂದೇ ಇರಬಹುದು, ಮೇಮ್ ಒಂದನ್ನು ಬಿಟ್ಟು. ಸೇವ್ ಫೋಲ್ಡರ್ ಮಾತ್ರ ಯಾವತ್ತೂ ಹಂಚಬೇಡಿ, ಕಾಪಿ ಮಾಡಿ.

ಹಳೆಯದರಲ್ಲಿ ಸರಿ ಇದ್ದದ್ದು ಹೊಸದರಲ್ಲಿ ನಿಜಕ್ಕೂ ಕೆಟ್ಟಿದೆ. ಹಳೆಯದಕ್ಕೆ ಹೋಗಿ ಸುಮ್ಮನಿರಲಾ?

ಹೋಗಿ, ಆಡಿ. ಆದರೆ ಸುಮ್ಮನಿರಬೇಡಿ, ದಯವಿಟ್ಟು ತಿಳಿಸಿ. ಇವನ್ನು ಮಾಡುತ್ತಿರುವವರಲ್ಲಿ ಹೆಚ್ಚಿನವರು ಬಿಡುವಿನ ಹೊತ್ತಲ್ಲಿ ಕೂತು ಬರೆಯುವವರು, ಸಾವಿರಾರು ಗೇಮ್‌ಗಳನ್ನು ಅವರೇ ಆಡಿ ನೋಡಲು ಆಗುವುದಿಲ್ಲ. ನೀವು ಹೇಳದಿದ್ದರೆ ಆ ಗೇಮ್ ಮುಂದಿನ ಎಲ್ಲಾ ವರ್ಷನ್‌ಗಳಲ್ಲೂ ಹಾಗೇ ಕೆಟ್ಟಿರುತ್ತದೆ.

ತಿಳಿಸುವ ಮೊದಲು ಹೊಸದನ್ನು ಖಾಲಿ ಫೋಲ್ಡರ್‌ನಲ್ಲಿ, ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ, ಚೀಟ್ ಇಲ್ಲದೆ, ಸೇವ್ ಸ್ಟೇಟ್ ಲೋಡ್ ಮಾಡದೆ ಓಡಿಸಿ. ಆಗಲೂ ಕೆಟ್ಟಿದ್ದರೆ ಯಾವ ಬಿಲ್ಡ್‌ನಲ್ಲಿ ಕೆಟ್ಟಿತು ಅಂತ ಹುಡುಕಿ. ಸರಿ ಇದ್ದ ಬಿಲ್ಡ್‌ಗೂ ಕೆಟ್ಟ ಬಿಲ್ಡ್‌ಗೂ ಸರಿಯಾಗಿ ನಡುವಿನದನ್ನು ಹಾಕಿ ನೋಡಿ. ಅದು ಸರಿ ಇದ್ದರೆ ಮುಂದಿನ ಅರ್ಧದಲ್ಲಿ ಹುಡುಕಿ, ಕೆಟ್ಟಿದ್ದರೆ ಹಿಂದಿನ ಅರ್ಧದಲ್ಲಿ. ಮಧ್ಯೆ 64 ಬಿಲ್ಡ್ ಇದ್ದರೂ ಆರು ಸಲಕ್ಕೆ ಸಿಗುತ್ತದೆ. ಆಮೇಲೆ ಗೇಮ್‌ನ ಹೆಸರು, ಯಾವ ದೇಶದ ಆವೃತ್ತಿ, ರಾಮ್‌ನ ಚೆಕ್‌ಸಮ್, ಕೊನೆಯದಾಗಿ ಸರಿ ಇದ್ದ ಬಿಲ್ಡ್, ಮೊದಲು ಕೆಟ್ಟ ಬಿಲ್ಡ್, ನಿಮ್ಮ ಗ್ರಾಫಿಕ್ಸ್ ಕಾರ್ಡ್ ಮತ್ತು ಡ್ರೈವರ್ ವರ್ಷನ್, ಗೇಮ್‌ನಲ್ಲಿ ಯಾವ ಜಾಗಕ್ಕೆ ಹೋದರೆ ಕಾಣುತ್ತದೆ ಅನ್ನುವುದನ್ನು ಬರೆದು, ಅಸಲಿ ಸೇವ್ ಫೈಲನ್ನೂ ಜೊತೆಗೆ ಹಾಕಿ. ಅವರು ಆ ಒಂದು ಬದಲಾವಣೆಯನ್ನು ತೆರೆದು ನೋಡಿದರೆ ಸಾಕಾಗುತ್ತದೆ.